ಯೂರೋಲೀಗ್ ಪ್ಲೇಆಫ್ ಸರಣಿಯನ್ನು ನೋಡುವ ಬಗೆ

ಯುರೋಪಿನ ಬ್ಯಾಸ್ಕೆಟ್‌ಬಾಲ್ ಕ್ಲಬ್‌ಗಳ ದೊಡ್ಡ ಲೀಗ್ ಆದ ಯೂರೋಲೀಗ್‌ನಲ್ಲಿ ಪ್ಲೇಆಫ್ ಸರಣಿಯನ್ನು ಮೊದಲ ಪಂದ್ಯದಿಂದಲೇ ನೋಡಬೇಕು. ನಿರ್ಣಾಯಕ ಪಂದ್ಯಕ್ಕೆ ಮಾತ್ರ ಬಂದು ಕುಳಿತರೆ ಯಾರು ಗೆದ್ದರು ಎಂಬುದು ಗೊತ್ತಾಗುತ್ತದೆಯೇ ಹೊರತು ಹೇಗೆ ಗೆದ್ದರು ಎಂಬುದು ಗೊತ್ತಾಗುವುದಿಲ್ಲ. ಯುರೋಪಿನ ಕ್ಲಬ್ಬೊಂದರಲ್ಲಿ ತರಬೇತುದಾರರಿಗಾಗಿ ವಿಡಿಯೊ ವಿಶ್ಲೇಷಣೆ ಮಾಡುವುದು ನನ್ನ ಕೆಲಸ. ಎದುರಾಳಿಗಳು ಮೊನ್ನೆ ಏನು ಮಾಡಿದರು, ನಾಳೆ ಅದರಲ್ಲಿ ಏನನ್ನು ಬದಲಿಸುತ್ತಾರೆ ಎಂಬುದನ್ನು ಹುಡುಕುವುದರಲ್ಲೇ ನನ್ನ ವಸಂತ ಕಳೆಯುತ್ತದೆ. ಆಟದ ನಿಜವಾದ ರುಚಿ ಇರುವುದೂ ಅಲ್ಲೇ ಎಂದು ನಂಬಿದ್ದೇನೆ.

ಮೊದಲು ವ್ಯವಸ್ಥೆ ತಿಳಿದಿರಲಿ. ಲೀಗ್ ಹಂತದ ಮೊದಲ ಆರು ತಂಡಗಳು ನೇರವಾಗಿ ಪ್ಲೇಆಫ್‌ಗೆ ಬರುತ್ತವೆ. ಉಳಿದೆರಡು ಸ್ಥಾನಗಳಿಗೆ ಏಳರಿಂದ ಹತ್ತನೆಯ ಸ್ಥಾನದವರು ಪ್ಲೇ-ಇನ್ ಎಂಬ ಅರ್ಹತಾ ಪಂದ್ಯಗಳನ್ನು ಆಡುತ್ತಾರೆ. ಇದು 2023-24ರಲ್ಲಿ ಬಂದ ಪದ್ಧತಿ. ಆಮೇಲೆ ಐದು ಪಂದ್ಯಗಳ ಸರಣಿ, ಮೂರು ಗೆದ್ದವರು ಕೊನೆಯ ನಾಲ್ಕು ತಂಡಗಳ ಸುತ್ತಾದ ಫೈನಲ್ ಫೋರ್‌ಗೆ. ಮೇಲಿನ ಸ್ಥಾನದ ತಂಡಕ್ಕೆ 1, 2 ಮತ್ತು 5ನೆಯ ಪಂದ್ಯ ತವರಿನಲ್ಲಿ. ಅಮೆರಿಕದ ಲೀಗ್ ಎನ್‌ಬಿಎಯ ಏಳು ಪಂದ್ಯಗಳ ಸರಣಿಯಲ್ಲಿ ಒಂದು ಪ್ರಯೋಗ ಕೈಕೊಟ್ಟರೂ ಸುಧಾರಿಸಿಕೊಳ್ಳಬಹುದು. ಇಲ್ಲಿ ಅಷ್ಟು ವ್ಯವಧಾನವಿಲ್ಲ. ಪಂದ್ಯಗಳು ಅಲ್ಲಿನ ರಾತ್ರಿ ನಡೆಯುವುದರಿಂದ ನಮ್ಮವರಿಗೆ ನಡುರಾತ್ರಿಯಾಗುತ್ತದೆ. ಮರುದಿನ ರೆಕಾರ್ಡಿಂಗ್ ನೋಡಿದರೂ ನಷ್ಟವಿಲ್ಲ, ಹಿಂದಕ್ಕೆ ಓಡಿಸಿ ನೋಡುವ ಅನುಕೂಲ ಸಿಗುತ್ತದೆ.

ಮೊದಲ ಪಂದ್ಯದ ಮೊದಲ ಹತ್ತು ನಿಮಿಷ ಚೆಂಡಿನ ಮೇಲಿನ ಕಣ್ಣು ತೆಗೆಯಿರಿ. ದಾಳಿ ನಡೆಸುವ ಪಾಯಿಂಟ್ ಗಾರ್ಡ್ ಚೆಂಡು ತರುತ್ತಾನೆ, ಅವನ ತಂಡದ ಎತ್ತರದ ಆಟಗಾರ, ಅಂದರೆ ಸೆಂಟರ್, ಬಂದು ಸ್ಕ್ರೀನ್ ಹಾಕುತ್ತಾನೆ, ಅಂದರೆ ಗಾರ್ಡ್‌ನನ್ನು ಕಾಯುವವನ ದಾರಿಗೆ ಅಡ್ಡ ನಿಲ್ಲುತ್ತಾನೆ. ಆ ಸೆಂಟರ್‌ನನ್ನು ಕಾಯುತ್ತಿರುವ ಎದುರಾಳಿ ಆಟಗಾರನ ಪಾದಗಳನ್ನೇ ನೋಡಿ. ರಿಂಗ್‌ನತ್ತ ಹಿಂದೆ ಸರಿದು ನಿಂತನೆ? ಮುಂದೆ ನುಗ್ಗಿ ಗಾರ್ಡ್‌ಗೆ ಅಡ್ಡ ಬಂದು ಮರಳಿ ಓಡಿದನೆ? ಅಥವಾ ಜತೆಗಾರನೊಂದಿಗೆ ಎದುರಾಳಿಯನ್ನೇ ಅದಲುಬದಲು ಮಾಡಿಕೊಂಡು ಸ್ವಿಚ್ ಆದನೆ? ಒಂದು ಹಾಳೆಯಲ್ಲಿ ಗುರುತು ಹಾಕಿಕೊಳ್ಳಿ. ಎರಡನೆಯ ಪಂದ್ಯದಲ್ಲಿ ಅದೇ ಹಾಳೆ ಕೈಯಲ್ಲಿರಲಿ. ಮೊದಲ ದಿನ ಹಿಂದೆ ಸರಿಯುತ್ತಿದ್ದವನು ಈಗ ಮುಂದೆ ನುಗ್ಗುತ್ತಿದ್ದರೆ, ತರಬೇತುದಾರರ ಕೋಣೆಯಲ್ಲಿ ರಾತ್ರಿಯಿಡೀ ನಡೆದ ವಾದದ ತೀರ್ಪು ನಿಮ್ಮ ಕಣ್ಣೆದುರಿಗಿದೆ.

ಎನ್‌ಬಿಎಯಲ್ಲಿ ಯಾರನ್ನೂ ಕಾಯದ ರಕ್ಷಕ ರಿಂಗ್ ಕೆಳಗಿನ ಬಣ್ಣದ ಆಯತದಲ್ಲಿ ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲುವಂತಿಲ್ಲ. ಯೂರೋಲೀಗ್‌ನಲ್ಲಿ ಆ ನಿರ್ಬಂಧವಿಲ್ಲ. ನಮ್ಮ ಕಾಲೇಜು ಟೂರ್ನಿಗಳಲ್ಲೂ ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟ ಫಿಬಾದ ನಿಯಮವೇ ಆದ್ದರಿಂದ ಆಡಿದವರಿಗೆ ಇದು ಹೊಸದೇನಲ್ಲ. ರಿಯಲ್ ಮ್ಯಾಡ್ರಿಡ್‌ನ 2.21 ಮೀಟರ್ ಎತ್ತರದ ಎಡಿ ತವಾರೆಸ್ ಅಲ್ಲೇ ಬೇರು ಬಿಟ್ಟಾಗ ಇಡೀ ಎದುರಾಳಿ ತಂಡ ಅವನನ್ನು ಹೊರಗೆಳೆಯುವ ದಾರಿ ಹುಡುಕಬೇಕಾಗುತ್ತದೆ.

2023ರಲ್ಲಿ ರಿಯಲ್ ಮ್ಯಾಡ್ರಿಡ್ ಮತ್ತು ಬೆಲ್‌ಗ್ರೇಡ್‌ನ ಪಾರ್ಟಿಜಾನ್ ನಡುವೆ ನಡೆದ ಸರಣಿಯ ಐದೂ ಪಂದ್ಯಗಳನ್ನು ಸಾಲಾಗಿ ನೋಡಿ. ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ರಿಯಲ್ ತವರಿನಲ್ಲೇ ಎರಡು ಪಂದ್ಯ ಸೋತಿತು. ಎರಡನೆಯದು ಅಂಗಳದಲ್ಲೇ ಹೊಡೆದಾಟವಾಗಿ ಪೂರ್ತಿಯಾಗದೆ ನಿಂತಿತು. ರಿಯಲ್‌ನ ಗೆರ್ಶೋನ್ ಯಾಬುಸೆಲೆಗೆ ಐದು ಪಂದ್ಯಗಳ ನಿಷೇಧ ಬಿತ್ತು. ಎದುರಿಗಿದ್ದ ತರಬೇತುದಾರರು ಒಂಬತ್ತು ಬಾರಿ ಯೂರೋಲೀಗ್ ಗೆದ್ದ ಝೆಲ್ಕೊ ಒಬ್ರಾಡೊವಿಚ್. ಅಂಥ ಸ್ಥಿತಿಯಲ್ಲಿ ಬೆಲ್‌ಗ್ರೇಡ್‌ನ ಅಬ್ಬರದ ನಡುವೆ ಮುಂದಿನ ಎರಡನ್ನೂ ಗೆದ್ದು, ಐದನೆಯದರಲ್ಲಿ ದೊಡ್ಡ ಅಂತರದಿಂದ ಹಿಂದೆ ಬಿದ್ದು ಮತ್ತೆ ಎದ್ದು, ರಿಯಲ್ 98-94ರಿಂದ ಸರಣಿ ತನ್ನದಾಗಿಸಿಕೊಂಡಿತು. ಯೂರೋಲೀಗ್‌ನಲ್ಲಿ 0-2ರಿಂದ ಐದು ಪಂದ್ಯಗಳ ಸರಣಿ ಗೆದ್ದವರು ಅದಕ್ಕೆ ಮೊದಲು ಯಾರೂ ಇರಲಿಲ್ಲ. ಹೊಡೆದಾಟದ ತುಣುಕನ್ನು ಎಲ್ಲರೂ ನೋಡಿದ್ದಾರೆ. ಆಮೇಲಿನ ಮೂರು ಪಂದ್ಯಗಳಲ್ಲಿ ರಿಯಲ್‌ನ ಅಂದಿನ ತರಬೇತುದಾರ ಚುಸ್ ಮಾತೇವೊ ತಂಡವನ್ನು ಹೇಗೆ ಮರುಜೋಡಿಸಿದರು ಎಂಬುದನ್ನು ನೋಡಿದವರು ಕಡಿಮೆ. ಅದು ನನಗೆ ಬೇಸರದ ಸಂಗತಿ.

ಟೈಮ್‌ಔಟ್ ಬಂದಾಗ ಎದ್ದು ಹೋಗಬೇಡಿ. ಮೊದಲಾರ್ಧದಲ್ಲಿ ಎರಡು, ಎರಡನೆಯ ಅರ್ಧದಲ್ಲಿ ಮೂರು ಮಾತ್ರ; ಕೇಳುವ ಹಕ್ಕು ತರಬೇತುದಾರರದೇ, ಆಟಗಾರರದಲ್ಲ. ಹೀಗಾಗಿ ಒಂದೊಂದನ್ನೂ ಎಣಿಸಿ ಖರ್ಚು ಮಾಡುತ್ತಾರೆ. ಪ್ರಸಾರದಲ್ಲಿ ಅವರ ಮಾತೂ ಕೇಳಿಸುತ್ತದೆ. ಭಾಷೆ ತಿಳಿಯದಿದ್ದರೂ ಹಲಗೆಯ ಮೇಲೆ ಎಳೆಯುವ ಗೆರೆ ಯಾವ ಮೂಲೆಗೆ ಹೋಯಿತೆಂದು ನೋಡಿಕೊಂಡು, ಮುಂದಿನ ದಾಳಿ ಅಲ್ಲಿಗೇ ಹೋಯಿತೇ ಎಂದು ಪರೀಕ್ಷಿಸಿ.

ಫೌಲ್‌ಗಳ ಲೆಕ್ಕವೂ ಇರಲಿ. ಐದಾದರೆ ಆಟಗಾರ ಹೊರಗೆ. ಮೊದಲಾರ್ಧದಲ್ಲೇ ಮೂರಾದ ಸೆಂಟರ್‌ನ ಕಡೆಗೆ ಎದುರಾಳಿ ಬೇಕೆಂದೇ ನುಗ್ಗುತ್ತಾರೆ.

ಫೈನಲ್ ಫೋರ್‌ನಲ್ಲಿ ಸೆಮಿಫೈನಲ್‌ಗೂ ಫೈನಲ್‌ಗೂ ಒಂದೊಂದೇ ಪಂದ್ಯ. ಹಾಳೆಯ ಕೆಲಸ ಅಲ್ಲಿಗೆ ಮುಗಿಯಿತು. ಬದಲಾವಣೆಯೆಲ್ಲ ಪಂದ್ಯದ ಒಳಗೇ ಆಗಬೇಕು. ಕೊನೆಯ ನಿಮಿಷದಲ್ಲಿ ಯಾರ ಮುಂದೆ ಯಾರು ನಿಂತಿದ್ದಾರೆಂದು ಗಮನಿಸಿ. 2023ರ ಮೇ 21ರಂದು ಲಿಥುವೇನಿಯಾದ ಕೌನಾಸ್‌ನಲ್ಲಿ ನಡೆದ ಫೈನಲ್‌ನಲ್ಲಿ ಗ್ರೀಸಿನ ಒಲಿಂಪಿಯಾಕೋಸ್ ರಿಯಲ್‌ಗಿಂತ ಒಂದು ಅಂಕ ಮುಂದಿತ್ತು. ಕೆಲವೇ ಸೆಕೆಂಡು ಉಳಿದಿದ್ದಾಗ ರಿಯಲ್‌ನ ಸೆರ್ಹಿಯೊ ಯೂಲ್, ಒಲಿಂಪಿಯಾಕೋಸ್‌ನ 2.18 ಮೀಟರ್ ಎತ್ತರದ ಮುಸ್ತಫಾ ಫಾಲ್ ಚಾಚಿದ ಕೈಯ ಮೇಲಿಂದ ಚೆಂಡು ಹಾಕಿ ರಿಯಲ್‌ಗೆ 79-78ರ ಗೆಲುವು ತಂದ. ಆ ಎಸೆತವನ್ನು ಒಮ್ಮೆ ನೋಡಿ ಸಂತೋಷಪಡಿ. ಆಮೇಲೆ ಹಿಂದಕ್ಕೆ ಓಡಿಸಿ, ಯೂಲ್‌ನನ್ನು ಬಿಟ್ಟು, ಫಾಲ್ ಅವನೆದುರಿಗೆ ಬಂದದ್ದು ಹೇಗೆಂದು ನೋಡಿ.