ಜಿಪ್ಸಿಯ ಹಿಂದಿನ ಆಕ್ಸಲ್: ತುಕ್ಕು ಹೊರಗಿನದಷ್ಟೇ ಅಲ್ಲ, ಒಳಗಿನದೂ ಹೌದು

ನಮ್ಮ ಮನೆ ವಿಜಯನಗರದಲ್ಲಿ. ಗೇಟಿನ ಒಳಗೆ ಗಾಡಿ ನಿಲ್ಲಿಸುವಷ್ಟು ಜಾಗ ಇದೆ. ಒಂದು ಬೆಳಿಗ್ಗೆ ನೀರು ಹಾಕಿ ರಂಗೋಲಿ ಬಿಡಲು ಹೋದ ಅಮ್ಮ, "ನಿನ್ ಜೀಪು ಎಣ್ಣೆ ಸೋರ್ತಾ ಇದೆ ನೋಡೋ" ಎಂದು ಕೂಗಿದರು. ಹಿಂದಿನ ಎರಡು ಚಕ್ರಗಳ ನಡುವೆ ಅಂಗೈಯಗಲದ ಕಲೆ. ಬೆರಳಲ್ಲಿ ಮುಟ್ಟಿ ಮೂಸಿದೆ. ಗೇರ್ ಆಯಿಲ್‌ನ ಗಂಧಕದ ವಾಸನೆ ಒಮ್ಮೆ ಗೊತ್ತಾದರೆ ಸಾಕು, ಮತ್ತೆ ಅನುಮಾನ ಬರುವುದಿಲ್ಲ.

ನನ್ನದು 2001ರ ಮಾರುತಿ ಜಿಪ್ಸಿ ಕಿಂಗ್, ನಾಲ್ಕೂ ಚಕ್ರಕ್ಕೆ ಎಳೆತ ಕೊಡಬಲ್ಲ ಗಾಡಿ. 1298 ಸಿಸಿ, ಎಂಪಿಎಫ್‌ಐ (ಪೆಟ್ರೋಲನ್ನು ಸಿಂಪಡಿಸುವ) ಎಂಜಿನ್. ಉಡುಪಿ ಕಡೆಯವರಿಂದ ಕೊಂಡದ್ದು. ಸಮುದ್ರದ ಉಪ್ಪುಗಾಳಿಯಲ್ಲಿ ವರ್ಷಗಟ್ಟಲೆ ನಿಂತಿದ್ದ ಗಾಡಿ. ಮಾರಿದವರು ಅಡಿಭಾಗಕ್ಕೆ ದಪ್ಪಗೆ ಕಪ್ಪು ಬಣ್ಣ ಹೊಡೆಸಿದ್ದರು. ಚೆನ್ನಾಗಿ ನೋಡಿಕೊಂಡಿದ್ದಾರೆ ಎಂದೇ ನಾನು ನಂಬಿದ್ದೆ. ಈಗ ಯಾರ ಜೊತೆ ಹಳೇ ಗಾಡಿ ನೋಡಲು ಹೋದರೂ ಒಂದು ಸಣ್ಣ ಸುತ್ತಿಗೆ ಜೇಬಲ್ಲಿ ಇರುತ್ತದೆ. ಅಡಿಗೆ ಹೊಸ ಬಣ್ಣ ಕಂಡರೆ ಮೊದಲು ತಟ್ಟಿ ನೋಡುತ್ತೇನೆ.

ವೈರ್ ಬ್ರಷ್ ಹಿಡಿದು ಕೆಳಗೆ ಮಲಗಿದೆ. ಆಕ್ಸಲ್ ಹೌಸಿಂಗ್, ಅಂದರೆ ಹಿಂದಿನ ಚಕ್ರಗಳ ನಡುವಿನ ಅಚ್ಚನ್ನು ಒಳಗಿಟ್ಟುಕೊಂಡ ಉಕ್ಕಿನ ಕವಚ. ಅದರ ನಡುವಿನ ಉಬ್ಬಿದ ಭಾಗದ ತಳದಲ್ಲಿ ಬಣ್ಣ ಹಪ್ಪಳದ ಹಾಗೆ ಎದ್ದು ಬಂತು. ಅದರ ಹಿಂದೆ ಪದರ ಪದರವಾಗಿ ತುಕ್ಕು. ಅದೂ ಉದುರಿದ ಮೇಲೆ ಸೂಜಿಮೊನೆಯಷ್ಟು ಎರಡು ತೂತು ಕಂಡವು. ಎಣ್ಣೆ ಅಲ್ಲಿಂದ ಜಿನುಗುತ್ತಿತ್ತು.

ಕಾಮಾಕ್ಷಿಪಾಳ್ಯದಲ್ಲಿ ನನಗೆ ಗೊತ್ತಿರುವ ಮೆಕ್ಯಾನಿಕ್ ಒಬ್ಬರಿದ್ದಾರೆ. ವಯಸ್ಸಿನಲ್ಲಿ ನನಗಿಂತ ತುಂಬ ದೊಡ್ಡವರು, ನಾನು ಅಣ್ಣ ಅಂತಲೇ ಕರೆಯೋದು. ಅವರ ಶೆಡ್‌ನಲ್ಲಿ ನಾನೂ ಕೈ ಮಸಿ ಮಾಡಿಕೊಳ್ಳಲು ಬಿಡುತ್ತಾರೆ. "ಹೊಟ್ಟೆ ಮಾತ್ರ ಹೋಗಿದ್ರೆ ಪ್ಯಾಚ್ ಹಾಕೋಣ ಸಾರ್. ಕೈ ಹೋಗಿದ್ರೆ ವೆಲ್ಡಿಂಗ್ ಮಾತು ಬೇಡ" ಅಂದರು. ಹೊಟ್ಟೆ ಅಂದರೆ ಡಿಫರೆನ್ಶಿಯಲ್ (ಎಂಜಿನ್ ಶಕ್ತಿಯನ್ನು ಎರಡೂ ಚಕ್ರಗಳಿಗೆ ಹಂಚುವ ಹಲ್ಲುಚಕ್ರಗಳ ಜೋಡಣೆ) ಕೂರುವ ನಡುಭಾಗ. ಕೈ ಅಂದರೆ ಅದರಿಂದ ಎರಡೂ ಚಕ್ರಗಳ ಕಡೆಗೆ ಹೋಗುವ ಕೊಳವೆ.

ಅಣ್ಣ ಕೊಳವೆಯ ಉದ್ದಕ್ಕೂ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ ಹೋದರು. ಟಣ್, ಟಣ್, ಟಣ್. ಎಡಗಡೆ ಕಮಾನು ಪಟ್ಟಿ (ಲೀಫ್ ಸ್ಪ್ರಿಂಗ್) ಕೂರುವ ಜಾಗದ ಹತ್ತಿರ ಬಂದಾಗ ಸದ್ದು 'ದಬ್' ಎಂದು ಸತ್ತುಹೋಯಿತು. ಮತ್ತೆ ಅಲ್ಲೇ ತಟ್ಟಿದರು. ಮತ್ತೆ ಅದೇ ಸದ್ದು. ಜಿಪ್ಸಿಯಲ್ಲಿ ಕಮಾನು ಪಟ್ಟಿ ಆಕ್ಸಲ್‌ನ ಕೆಳಗೆ ಬರುತ್ತದೆ. ಪಟ್ಟಿಗೂ ಕೊಳವೆಗೂ ನಡುವಿನ ಸಂದಿಯಲ್ಲಿ ಕೆಸರು ಸೇರಿಕೊಂಡರೆ ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ, ತಿಂಗಳುಗಟ್ಟಲೆ ಒದ್ದೆಯಾಗೇ ಇರುತ್ತದೆ. ಗಾಡಿಯ ಭಾರವೆಲ್ಲ ಬೀಳುವುದೂ ಅಲ್ಲೇ. ತೆಳ್ಳಗಾದ ಕೊಳವೆಗೆ ವೆಲ್ಡಿಂಗ್ ಬಿಸಿ ಕೊಟ್ಟರೆ ಅದು ಸೊಟ್ಟಗಾಗುತ್ತದೆ. ಕೊಳವೆ ಸೊಟ್ಟಗಾದರೆ ಬೇರಿಂಗ್ ಮತ್ತು ಎಣ್ಣೆ ಸೋರದಂತೆ ತಡೆಯುವ ಆಯಿಲ್ ಸೀಲ್ ಎಷ್ಟು ಸಲ ಹೊಸದು ಹಾಕಿದರೂ ಉಳಿಯುವುದಿಲ್ಲ. ಹೌಸಿಂಗ್ ಬದಲಿಸುವುದೇ ಸರಿ ಎಂದು ಅವತ್ತೇ ತೀರ್ಮಾನಿಸಿದೆವು.

ಆದರೆ ನನ್ನ ಕಣ್ಣು ತೆರೆಸಿದ್ದು ಎಣ್ಣೆ ಇಳಿಸಿದ ಗಳಿಗೆ. ಡ್ರೈನ್ ಬೋಲ್ಟ್ ಬಿಚ್ಚಿದಾಗ ಟ್ರೇಗೆ ಬಿದ್ದದ್ದು ಹಾಲು ಜಾಸ್ತಿ ಹಾಕಿದ ಕಾಫಿಯ ಬಣ್ಣದ ನೊರೆ. ಎಣ್ಣೆಯಲ್ಲಿ ನೀರು ಬೆರೆತಿತ್ತು. ಆಕ್ಸಲ್ ಒಳಗೆ ನೀರು ಹೇಗೆ ಹೋಯಿತು? ಅಣ್ಣ ಹೌಸಿಂಗ್ ಮೇಲಿದ್ದ ಬ್ರೀದರ್ ಬಿಚ್ಚಿ ನನ್ನ ಕೈಗಿಟ್ಟು "ಊದಿ" ಅಂದರು. ಬಟ್ಟೆಯಲ್ಲಿ ಒರೆಸಿ ಊದಿದೆ. ಒಂಚೂರೂ ಗಾಳಿ ದಾಟಲಿಲ್ಲ. ಒಳಗೆ ಕೆಸರು ಒಣಗಿ ಕಲ್ಲಾಗಿತ್ತು.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಆಫ್‌ರೋಡ್ ಹೋಗುವವರಲ್ಲಿ ಹೆಚ್ಚಿನವರು ಎಂಜಿನ್ ಕಡೆ ಕೊಡುವ ಗಮನವನ್ನು ಈ ಹೆಬ್ಬೆರಳಿನಷ್ಟು ತುಣುಕಿಗೆ ಕೊಡುವುದಿಲ್ಲ. ಗಾಡಿ ಓಡಿದ ಹಾಗೆ ಆಕ್ಸಲ್ ಬಿಸಿಯಾಗುತ್ತದೆ, ಒಳಗಿನ ಗಾಳಿ ಹಿಗ್ಗುತ್ತದೆ. ಆ ಗಾಳಿ ಬ್ರೀದರ್ ಮೂಲಕ ಹೊರಗೆ ಹೋಗಬೇಕು. ಅದು ಕಟ್ಟಿದ್ದರೆ ಒತ್ತಡ ಎಣ್ಣೆಯನ್ನು ಸೀಲ್ ಮೂಲಕ ಹೊರಗೆ ತಳ್ಳುತ್ತದೆ. ಇನ್ನು ಸಕಲೇಶಪುರದ ಕಡೆ ಹೊಳೆ ದಾಟುವಾಗ ಏನಾಗುತ್ತದೆ ನೋಡಿ. ಬಿಸಿ ಆಕ್ಸಲ್ ತಣ್ಣೀರಿಗೆ ಇಳಿದ ತಕ್ಷಣ ಒಳಗಿನ ಗಾಳಿ ಕುಗ್ಗುತ್ತದೆ. ಆಗ ಆಕ್ಸಲ್ ಸೀಲ್ ಸಂದಿಯಿಂದ ಹೊಳೆ ನೀರನ್ನೇ ಒಳಗೆ ಎಳೆದುಕೊಳ್ಳುತ್ತದೆ. ಹಾಗೆ ಸೇರಿದ ನೀರು ಗಾಡಿ ನಿಂತಾಗ ಎಣ್ಣೆಯ ಕೆಳಗೆ, ಹೌಸಿಂಗ್ ತಳದಲ್ಲಿ ಕೂರುತ್ತದೆ. ನನ್ನ ಹೌಸಿಂಗ್ ತೂತಾದದ್ದೂ ತಳದಲ್ಲೇ. ಹೊರಗಿನಿಂದ ಉಪ್ಪು, ಒಳಗಿನಿಂದ ನೀರು. ಎರಡೂ ಕಡೆಯಿಂದ ತಿಂದಿತ್ತು.

ಹೌಸಿಂಗ್ ಹುಡುಕಲು ಶಿವಾಜಿನಗರದ ಗುಜರಿ ಅಂಗಡಿಗಳಿಗೆ ಹೋದೆ. ಮೊದಲನೇ ಅಂಗಡಿಯಲ್ಲೇ ಒಂದು ಸಿಕ್ಕಿತು. "ಎಲ್ಲಾ ಜಿಪ್ಸಿಗೂ ಒಂದೇ ಸಾರ್, ಹಾಕ್ಕೊಳಿ" ಅಂದರು ಭಾಯ್. ಟೇಪ್ ಹಿಡಿದೆ, ಗಿಡ್ಡ ಬಂತು. 1993ರಲ್ಲಿ ಮಾರುತಿ ಜಿಪ್ಸಿಯ ಎಡ ಬಲ ಚಕ್ರಗಳ ನಡುವಿನ ಅಂತರವನ್ನು 90 ಮಿ.ಮೀ. ಹೆಚ್ಚಿಸಿ, ಹಿಂದುಗಡೆ 1310 ಮಿ.ಮೀ. ಮಾಡಿತು. ಅದಕ್ಕಿಂತ ಹಳೆಯ ಗಾಡಿಯ ಹೌಸಿಂಗ್ ಕಿಂಗ್‌ಗೆ ಕೂರುವುದಿಲ್ಲ. ಭಾಯ್‌ಗೆ ಅಳತೆ ತೋರಿಸಿದೆ. ಅವರೇ ಮೂರು ಅಂಗಡಿ ಆಚೆ ಕರೆದುಕೊಂಡು ಹೋಗಿ ಸರಿಯಾದದ್ದು ಕೊಡಿಸಿದರು. ಅದನ್ನೂ ಸುತ್ತಿಗೆಯಿಂದ ತಟ್ಟಿದೆ, ಉದ್ದಕ್ಕೂ ಟಣ್ ಅಂತು. ನನ್ನ ಹಳೇ ಡಿಫರೆನ್ಶಿಯಲ್ ಅನ್ನೇ ಇದಕ್ಕೆ ಕೂರಿಸುವುದು ಎಂದು ಮೊದಲೇ ನಿರ್ಧಾರವಾಗಿತ್ತು. ಮುಂದಿನ ಮತ್ತು ಹಿಂದಿನ ಆಕ್ಸಲ್‌ನ ಹಲ್ಲಿನ ಲೆಕ್ಕ ಒಂದೇ ಇರಬೇಕು. ಇಲ್ಲದಿದ್ದರೆ ಫೋರ್ ವೀಲ್ ಹಾಕಿದಾಗ ಒಂದಕ್ಕೊಂದು ಎಳೆದಾಡಿ, ಎರಡೂ ಆಕ್ಸಲ್‌ಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್ ಹಾಳಾಗುತ್ತದೆ.

ಬಿಚ್ಚುವ ಕೆಲಸಕ್ಕೆ ಒಂದಿಡೀ ಭಾನುವಾರ ಹೋಯಿತು. ಗಾಡಿಯನ್ನು ಚಾಸಿಸ್‌ಗೆ ಸ್ಟ್ಯಾಂಡ್ ಕೊಟ್ಟು ನಿಲ್ಲಿಸಿದೆವು. ಆಕ್ಸಲ್ಲೇ ಹೊರಗೆ ಬರುವುದರಿಂದ ಅದಕ್ಕೆ ಆಸರೆ ಕೊಡುವ ಹಾಗಿಲ್ಲ. ಇಟ್ಟಿಗೆ ಜೋಡಿಸಿ ನಿಲ್ಲಿಸುವ ಯೋಚನೆಯಂತೂ ದಯವಿಟ್ಟು ಮಾಡಬೇಡಿ, ಇಟ್ಟಿಗೆ ಹೇಳದೆ ಕೇಳದೆ ಒಡೆಯುತ್ತದೆ. ಆಕ್ಸಲ್‌ಗೆ ಶಕ್ತಿ ತರುವ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚುವ ಮೊದಲು, ಮತ್ತೆ ಹಾಗೇ ಕೂರಲಿ ಎಂದು, ಅದು ಸೇರುವ ಎರಡೂ ಫ್ಲಾಂಜ್ ಮೇಲೆ ಬಿಳಿ ಬಣ್ಣದ ಗುರುತು ಹಾಕಿದೆವು. ಚಕ್ರ ತಿರುಗಿಸುವ ಆಕ್ಸಲ್ ಶಾಫ್ಟ್ ಹಟ ಹಿಡಿದು ಕೂತಿತ್ತು. ಅಣ್ಣ ಬ್ರೇಕ್ ಡ್ರಮ್ಮನ್ನು ತಿರುಗಿಸಿ, ಹಿಂದುಮುಂದಾಗಿ ಹಾಕಿ, ನಟ್‌ಗಳನ್ನು ತುದಿಯಲ್ಲಿ ಮಾತ್ರ ಕೂರಿಸಿ, ಡ್ರಮ್ಮನ್ನೇ ಜೋರಾಗಿ ತಮ್ಮ ಕಡೆಗೆ ಎಳೆದೆಳೆದು ಬಡಿದರು. ನಾಲ್ಕನೇ ಏಟಿಗೆ ಶಾಫ್ಟ್ ಬಂತು.

ಆಕ್ಸಲ್ಲನ್ನು ಕಮಾನು ಪಟ್ಟಿಗೆ ಬಿಗಿದಿಡುವ ಯು ಬೋಲ್ಟ್‌ಗಳು ಬರಲೇ ಇಲ್ಲ. ಎರಡು ದಿನ ಮೊದಲೇ ತುಕ್ಕು ಸಡಿಲಿಸುವ ಡಬ್ಲ್ಯುಡಿ-40 ಹೊಡೆದಿದ್ದೆವು, ಆದರೂ ಗ್ರೈಂಡರ್‌ನಲ್ಲಿ ಕತ್ತರಿಸಬೇಕಾಯಿತು. ಹೇಗಿದ್ದರೂ ಹೊಸದನ್ನೇ ಹಾಕಬೇಕು, ಒಮ್ಮೆ ಬಿಗಿದು ಹಿಗ್ಗಿದ ಯು ಬೋಲ್ಟ್ ಮತ್ತೆ ಸರಿಯಾಗಿ ಹಿಡಿಯುವುದಿಲ್ಲ. ಬ್ರೇಕ್ ಪೈಪಿನ ನಟ್ ಕೂಡ ಸವೆದು ದುಂಡಗಾಗಿತ್ತು, ಪೈಪನ್ನೇ ಹೊಸದು ಮಾಡಿಸಿದೆವು.

ಬೇರಿಂಗ್ ವಿಷಯದಲ್ಲಿ ಮಾತ್ರ ಯಾರೂ ಅವಸರ ಮಾಡಬಾರದು. ಜಿಪ್ಸಿಯ ಹಿಂದಿನ ಶಾಫ್ಟ್ ಮೇಲೆ ಬೇರಿಂಗ್, ಅದರ ಪಕ್ಕದಲ್ಲಿ ಬಿಗಿಯಾಗಿ ಕೂತ ಒಂದು ಉಕ್ಕಿನ ರಿಂಗ್ ಇರುತ್ತದೆ. ಬೇರಿಂಗ್ ಜರುಗದಂತೆ ತಡೆಯುವುದು ಆ ರಿಂಗ್. ಅದು ಸಡಿಲವಾದರೆ ಶಾಫ್ಟ್, ಡ್ರಮ್, ಚಕ್ರ ಎಲ್ಲ ಒಟ್ಟಿಗೇ ಹೊರಗೆ ಬರುತ್ತದೆ. ಹಳೇ ರಿಂಗನ್ನು ಗ್ರೈಂಡರ್‌ನಿಂದ ಒಂದು ಕಡೆ ತೆಳ್ಳಗೆ ಮಾಡಿ, ಶಾಫ್ಟ್‌ಗೆ ತಾಗುವ ಮುಂಚೆ ನಿಲ್ಲಿಸಿ, ಉಳಿ ಇಟ್ಟು ಒಂದೇಟು ಕೊಟ್ಟು ಸೀಳಿದೆವು. ಗ್ಯಾಸ್ ಕಟ್ಟರ್ ಹಚ್ಚಿದರೆ ಶಾಫ್ಟ್‌ನ ಹದ ಕೆಡುತ್ತದೆ. ಜೆ.ಸಿ. ರಸ್ತೆಯಿಂದ ತಂದ ಹೊಸ ಬೇರಿಂಗ್ ಮತ್ತು ರಿಂಗನ್ನು ಲೇತ್ ಅಂಗಡಿಯ ಹೈಡ್ರಾಲಿಕ್ ಪ್ರೆಸ್‌ನಲ್ಲಿ ಕೂರಿಸಿದರು. ಸುತ್ತಿಗೆಯಲ್ಲಿ ಹೊಡೆದು ಕೂರಿಸುತ್ತೇವೆ ಅಂತ ಯಾರಾದರೂ ಹೇಳಿದರೆ ಶಾಫ್ಟ್ ವಾಪಸ್ ತೆಗೆದುಕೊಂಡು ಬನ್ನಿ.

ಅಷ್ಟರಲ್ಲಿ ಹೌಸಿಂಗ್ ಪೀಣ್ಯದಲ್ಲಿ ಸ್ಯಾಂಡ್ ಬ್ಲಾಸ್ಟ್ ಆಗಿ ಬೂದುಬಣ್ಣದ ಬರಿ ಲೋಹವಾಗಿ ಬಂದಿತ್ತು. ಅವತ್ತು ಸಂಜೆಯೇ ಎಪಾಕ್ಸಿ ಪ್ರೈಮರ್ ಹೊಡೆದೆ. ಬರಿ ಲೋಹವನ್ನು ಬೆಂಗಳೂರಿನ ಮಳೆಗಾಲದಲ್ಲಿ ರಾತ್ರಿಯಿಡೀ ಬಿಟ್ಟರೆ ಬೆಳಿಗ್ಗೆಗೆ ಮತ್ತೆ ಕೆಂಪಗಾಗಿರುತ್ತದೆ. ಪ್ರೈಮರ್ ಮೇಲೆ ತೆಳುವಾಗಿ ಎರಡು ಕೋಟ್ ಬಣ್ಣ, ಅಷ್ಟೇ. ದಪ್ಪ ಬಣ್ಣ ಒಳಗೇನಿದೆ ಎಂದು ತೋರಿಸುವುದಿಲ್ಲ.

ಜೋಡಿಸುವುದು ಬೇಗ ಮುಗಿಯಿತು. ಸೀಲ್‌ನ ತುಟಿ ಒಳಮುಖವಾಗಿರಲಿ, ಅದಕ್ಕೆ ಸ್ವಲ್ಪ ಗ್ರೀಸ್ ಸವರಿ. ಶಾಫ್ಟ್ ಕೈಯಲ್ಲೇ ಜಾರಿ ಹಲ್ಲಿಗೆ ಕೂತರೆ ಹೌಸಿಂಗ್ ನೆಟ್ಟಗಿದೆ ಎಂದು ಧೈರ್ಯ ಬರುತ್ತದೆ. ಎರಡೂ ಕಡೆ ಕೂತವು. ಕಮಾನು ಪಟ್ಟಿಯ ಸೆಂಟರ್ ಬೋಲ್ಟ್ ತಲೆ ತನ್ನ ತೂತಿನಲ್ಲಿ ಸರಿಯಾಗಿ ಇಳಿದಿದೆಯಾ ಎಂದು ಬೆರಳಿಟ್ಟು ನೋಡಿದೆ. ಗಾಡಿಯ ಭಾರ ನೆಲಕ್ಕೆ ಬಿಟ್ಟ ಮೇಲೆ ಯು ಬೋಲ್ಟ್‌ಗಳನ್ನು ಪೂರ್ತಿ ಬಿಗಿದೆವು. 80ಡಬ್ಲ್ಯು-90 ಆಯಿಲ್ ಸುಮಾರು ಒಂದೂವರೆ ಲೀಟರ್ ಹಿಡಿಯಿತು. ಬ್ರೇಕ್ ಪೈಪಿನೊಳಗೆ ಸೇರಿದ್ದ ಗಾಳಿ ತೆಗೆದೆವು.

ಕೊನೆಗೆ ಬ್ರೀದರ್. ಹೌಸಿಂಗ್ ಮೇಲೆ ನಿಪ್ಪಲ್ ಕೂರಿಸಿ, ಎಣ್ಣೆ ತಡೆಯುವ ರಬ್ಬರ್ ಪೈಪ್ ಹಾಕಿ, ಆಕ್ಸಲ್ ಮೇಲೆ ಕೆಳಗೆ ಆಡುವಷ್ಟು ಸಡಿಲ ಬಿಟ್ಟು, ಹಿಂದಿನ ಲೈಟಿನ ಎತ್ತರದವರೆಗೆ ಒಯ್ದೆ. ತುದಿಗೆ ಸಣ್ಣ ಫಿಲ್ಟರ್ ಇಟ್ಟು ಬಾಯಿ ಕೆಳಮುಖ ಮಾಡಿದೆ. ಮುಂದಿನ ಆಕ್ಸಲ್‌ಗೂ ಅದೇ ದಿನ ಹಾಗೇ ಮಾಡಿದೆ.

ಮಾರನೇ ವಾರ ಮಾಗಡಿ ರಸ್ತೆ ಹಿಡಿದು ಮಂಚನಬೆಲೆವರೆಗೆ ಹೋಗಿ ನಿಲ್ಲಿಸಿದೆ. ಅಣ್ಣ ಪಕ್ಕದಲ್ಲೇ ಕೂತಿದ್ದರು. ಇಳಿದು ಎರಡೂ ಹಿಂದಿನ ಡ್ರಮ್ ಹತ್ತಿರ ಕೈ ಹಿಡಿದು ನೋಡಿದರು, ಎರಡೂ ಒಂದೇ ಬಿಸಿ. ನಾನು ಕೆಳಗೆ ತೂರಿ ಹೌಸಿಂಗ್ ತಳವನ್ನು ಬಿಳಿ ಬಟ್ಟೆಯಿಂದ ಒರೆಸಿದೆ. ಧೂಳು ಮಾತ್ರ ಬಂತು. ವಾಪಸ್ ಬಂದು ಶೆಡ್‌ನಲ್ಲಿ ಯು ಬೋಲ್ಟ್‌ಗಳಿಗೆ ಸ್ಪ್ಯಾನರ್ ಹಾಕಿದೆವು. ನಾಲ್ಕೂ ಇನ್ನೊಂದು ಕಾಲು ಸುತ್ತು ತಿರುಗಿದವು.