ಜೈಲಿನ ಸಿನಿಮಾದಲ್ಲಿ ಚಮಚವನ್ನು ಓದುವ ಬಗೆ

ಚಿತ್ರದುರ್ಗದ ಕಾಲೇಜುಗಳಲ್ಲಿ ಸಿನಿಮಾ ಚರ್ಚೆ ಇಟ್ಟುಕೊಳ್ಳುವವರಿಗೆ ಫ್ರೆಂಚ್ ನಿರ್ದೇಶಕ ರಾಬರ್ಟ್ ಬ್ರೆಸ್ಸೊನ್‌ನ ‘ಎ ಮ್ಯಾನ್ ಎಸ್ಕೇಪ್ಡ್’ (1956) ಒಳ್ಳೆ ಆರಂಭ. ಎರಡನೇ ಮಹಾಯುದ್ಧದ ಹೊತ್ತಿಗೆ ಜರ್ಮನ್ನರ ವಶದಲ್ಲಿದ್ದ ಫ್ರಾನ್ಸಿನ ಲಿಯೋನ್ ನಗರದ ಜೈಲಿನ ಕತೆ. ನಾಯಕ ಫೊಂತೇನ್ ತಪ್ಪಿಸಿಕೊಳ್ಳುವುದು ಹೆಸರಲ್ಲೇ ಗೊತ್ತಾಗುತ್ತದೆ, ಹಾಗಾಗಿ ‘ಹೇಗೆ’ ಅನ್ನುವುದರ ಮೇಲೆ ಕಣ್ಣಿಡಿ. ಲ್ಯಾಪ್‌ಟಾಪಿನ ಸ್ಪೀಕರ್ ನೆಚ್ಚಿಕೊಂಡರೆ ಅರ್ಧ ಸಿನಿಮಾ ಹೋಯಿತು: ರೈಲಿನ ಸಿಳ್ಳೆ, ಕಾವಲುಗಾರನ ಕೀಲಿಕೈ ಕಂಬಿಗೆ ತಾಗುವ ಸದ್ದು, ಎಲ್ಲವೂ ಬೇಕು.

ಮೊದಲ ಸಲ ಸುಮ್ಮನೆ ನೋಡಿ. ಎರಡನೇ ಸಲ ಒಂದೇ ವಸ್ತುವಿನ ಬೆನ್ನು ಹತ್ತಿ. ಫೊಂತೇನ್ ಚಮಚದ ಹಿಡಿಯನ್ನು ನೆಲಕ್ಕೆ ಉಜ್ಜಿ ಉಳಿ ಮಾಡಿಕೊಳ್ಳುತ್ತಾನೆ, ಬಾಗಿಲ ಹಲಗೆಗಳ ನಡುವಿನ ಮೆದು ಮರವನ್ನು ಕೊರೆಯುತ್ತಾನೆ, ಉದುರಿದ ಚೂರುಗಳನ್ನು ಗುಡಿಸುತ್ತಾನೆ. ಹಾಳೆಯಲ್ಲಿ ಮೂರು ಕಾಲಂ ಎಳೆಯಿರಿ: ಕಂಡದ್ದು, ಕೇಳಿಸಿದ್ದು, ಆ ಕ್ಷಣ ಅವನ ಮುಂದಿದ್ದ ಆಯ್ಕೆ. ಮೂರನೆಯದು ಖಾಲಿಯಿದ್ದರೆ ‘ಅಸ್ತಿತ್ವವಾದ’ದ, ಅಂದರೆ ಮನುಷ್ಯ ತನ್ನ ಆಯ್ಕೆಗಳಿಂದಲೇ ತನ್ನನ್ನು ರೂಪಿಸಿಕೊಳ್ಳುತ್ತಾನೆ ಅನ್ನುವ ವಾದದ, ಮಾತೆತ್ತಬೇಡಿ.

ಬಹಳ ಜನ ಎಡವುವುದು ‘ಚಮಚ ಅಂದರೆ ಸ್ವಾತಂತ್ರ್ಯ’ ಎಂದು ಬರೆದು ಕೈತೊಳೆದುಕೊಳ್ಳುವಲ್ಲಿ. ಓಬವ್ವನ ಕಿಂಡಿ ಊರಲ್ಲೇ ಇದೆಯಲ್ಲ, ಕುಟ್ಟುವ ಒನಕೆ ಆಗಿದ್ದರಿಂದಲೇ ಆ ಒನಕೆಗೆ ಅಷ್ಟು ತೂಕ. ಚಮಚವೂ ಮೊದಲು ಚಮಚವೇ.

ಚರ್ಚೆಯ ಅರ್ಧ ಹೊತ್ತು ಯೋಸ್ತ್‌ಗೆ ಮೀಸಲಿಡಿ. ಬೇಹುಗಾರನೂ ಆಗಿರಬಹುದಾದ ಈ ಹುಡುಗ ಸೆಲ್ಲಿಗೆ ಬಂದಾಗ ಫೊಂತೇನ್ ಅವನನ್ನು ಕೊಲ್ಲಬೇಕೋ, ನಂಬಿ ಕರೆದೊಯ್ಯಬೇಕೋ? ಖಾತ್ರಿಯಿಲ್ಲದೆ ತೀರ್ಮಾನಿಸಬೇಕು; ಹೀರೋತನ ಅಲ್ಲಿದೆ, ಗೋಡೆ ಹಾರುವುದರಲ್ಲಲ್ಲ. ಆದರೆ ಹಿನ್ನೆಲೆಯಲ್ಲಿ ಮೊಜಾರ್ಟ್‌ನ ಪ್ರಾರ್ಥನಾ ಸಂಗೀತವಿದೆ, ಸಹಕೈದಿಗಳಲ್ಲಿ ಪಾದ್ರಿಯೂ ಇದ್ದಾನೆ. ಎಲ್ಲವೂ ಫೊಂತೇನ್ ಒಬ್ಬನ ಆಯ್ಕೆ ಅನ್ನುವವರು ಇದಕ್ಕೂ ಉತ್ತರ ಹೇಳಬೇಕಾಗುತ್ತದೆ.