ಮನೋವೈದ್ಯರ ಬಳಿ ಹೋಗುವ ಮುನ್ನ: ಮುಂಬಯಿಯ ಕನ್ನಡ ಮನೆಗಳಿಗೆ ಒಂದು ಮಾರ್ಗದರ್ಶಿ

ಊರಿನಿಂದ ಬಂದು ಮಗನ ಮನೆಯಲ್ಲಿ ನೆಲೆಸಿದ ತಾಯಿಗೆ ಕೆಲವು ತಿಂಗಳಿನಿಂದ ಏನೋ ಸರಿಯಿಲ್ಲ ಎನ್ನಿಸಿದಾಗ ಮನೆಯವರು ಮೊದಲು ಫ್ಯಾಮಿಲಿ ಡಾಕ್ಟರರ ಬಳಿಗೆ ಹೋಗುತ್ತಾರೆ. ಅಲ್ಲಿಂದ ಚೀಟಿ ಹಿಡಿದು ಪರೇಲಿನ ಕೆಇಎಂ ಅಥವಾ ಸಯನ್ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗಕ್ಕೋ ಖಾಸಗಿ ಕ್ಲಿನಿಕ್ಕಿಗೋ ಹೋಗುತ್ತಾರೆ. ವೈದ್ಯರದು ಮರಾಠಿ, ಹಿಂದಿ ಅಥವಾ ಇಂಗ್ಲಿಷ್; ತಾಯಿಯದು ಕನ್ನಡ ಅಥವಾ ತುಳು. ನಡುವೆ ಕುಳಿತ ಮಗನೋ ಸೊಸೆಯೋ ಹೇಳಿದ್ದೇ ವೈದ್ಯರ ಪಾಲಿಗೆ ರೋಗಿಯ ಮಾತಾಗುತ್ತದೆ. ಆ ಜಾಗದಲ್ಲಿ ಕೂರುವವರು ಏನನ್ನು ಸಿದ್ಧಪಡಿಸಿಕೊಂಡು ಹೋಗಬೇಕು ಎಂಬುದಷ್ಟೇ ಈ ಬರಹದ ವಿಷಯ. ಸಾಯುವ ಮಾತು ಬಂದಿದ್ದರೆ ಅಥವಾ ಅನ್ನ ನೀರು ಬಿಟ್ಟಿದ್ದರೆ ಇದಾವುದಕ್ಕೂ ಕಾಯದೆ ಅದೇ ದಿನ ತುರ್ತು ವಿಭಾಗಕ್ಕೆ ಕರೆದೊಯ್ಯಬೇಕು.

ಸಿದ್ಧತೆ ಬೇಕಾಗುವುದಕ್ಕೆ ಕಾರಣವಿದೆ. ಖಿನ್ನತೆಯನ್ನಾಗಲಿ ಸ್ಕಿಜೋಫ್ರೇನಿಯಾವನ್ನಾಗಲಿ (ಇಲ್ಲದ ದನಿ ಕೇಳಿಸುವ, ಭ್ರಮೆಗಳು ಕಾಡುವ ತೀವ್ರ ಮನೋರೋಗ) ಖಚಿತಪಡಿಸುವ ರಕ್ತಪರೀಕ್ಷೆ ಇಲ್ಲ. ವೈದ್ಯರು ಥೈರಾಯ್ಡ್, ಬಿ12 ಪರೀಕ್ಷೆ ಬರೆದುಕೊಡುವುದು ದೇಹದಲ್ಲಿ ಬೇರೆ ಕಾರಣವಿದೆಯೇ ಎಂದು ನೋಡಲು. ಉಳಿದದ್ದೆಲ್ಲ ಕೇಳಿದ ಮಾತು ಮತ್ತು ಕಂಡ ನಡವಳಿಕೆಯ ಮೇಲೆ ನಿಂತಿದೆ. 1970ರ ಆಸುಪಾಸಿನಲ್ಲಿ ನ್ಯೂಯಾರ್ಕ್ ಮತ್ತು ಲಂಡನ್ನಿನ ಆಸ್ಪತ್ರೆಗಳನ್ನು ಹೋಲಿಸಿ ನಡೆಸಿದ ಅಧ್ಯಯನದಲ್ಲಿ, ಒಂದೇ ಬಗೆಯ ರೋಗಿಗಳಿಗೆ ನ್ಯೂಯಾರ್ಕಿನ ವೈದ್ಯರು ಬಹಳ ಹೆಚ್ಚಾಗಿ ಸ್ಕಿಜೋಫ್ರೇನಿಯಾ ಎಂದು ಬರೆಯುತ್ತಿದ್ದುದು ಕಂಡುಬಂತು. ವ್ಯತ್ಯಾಸ ಇದ್ದದ್ದು ಹೆಚ್ಚಾಗಿ ರೋಗಿಗಳಲ್ಲಲ್ಲ, ವೈದ್ಯರ ರೂಢಿಯಲ್ಲಿ. 1980ರಲ್ಲಿ ಬಂದ ಅಮೆರಿಕದ ಮನೋರೋಗಗಳ ಕೈಪಿಡಿ ಡಿಎಸ್‌ಎಂನ ಮೂರನೆಯ ಆವೃತ್ತಿ ಪ್ರತಿ ರೋಗಕ್ಕೂ ಸ್ಪಷ್ಟ ಲಕ್ಷಣಪಟ್ಟಿ ಕೊಟ್ಟು ಈ ಗೊಂದಲವನ್ನು ಕಡಿಮೆ ಮಾಡಿತು. ಆದರೆ ಇಬ್ಬರು ವೈದ್ಯರು ಒಂದೇ ಹೆಸರು ಹೇಳುವುದು ವಿಶ್ವಾಸಾರ್ಹತೆ ಮಾತ್ರ; ಆ ಹೆಸರು ಎದುರಿಗಿರುವ ವ್ಯಕ್ತಿಯ ಸಂಕಟಕ್ಕೆ ನಿಜವಾಗಿ ಸಲ್ಲುತ್ತದೆಯೇ ಎಂಬ ಸಿಂಧುತ್ವದ ಪ್ರಶ್ನೆ ಬೇರೆಯೇ ಉಳಿಯುತ್ತದೆ. ಅದಕ್ಕೆ ಉತ್ತರಿಸಲು ವೈದ್ಯರಿಗೆ ಬೇಕಾದ ಮಾಹಿತಿಯಲ್ಲಿ ದೊಡ್ಡ ಪಾಲು ಮನೆಯವರ ಬಳಿಯೇ ಇರುತ್ತದೆ.

ಮೊದಲು ಒಂದು ಹಾಳೆಯಲ್ಲಿ ರೋಗಿ ಹೇಳಿದ ಮಾತನ್ನು ಹೇಳಿದ ಹಾಗೆಯೇ ಬರೆದುಕೊಳ್ಳಿ. "ಎದೆಯ ಮೇಲೆ ಕಲ್ಲಿಟ್ಟ ಹಾಗಾಗುತ್ತದೆ", "ಬಾಯಿಗೆ ರುಚಿಯೇ ಇಲ್ಲ", "ಮೂರು ಗಂಟೆಗೇ ಎಚ್ಚರವಾಗುತ್ತದೆ" ಎಂಬವು ಹಾಗೆಯೇ ಇರಲಿ. ಅವುಗಳನ್ನೆಲ್ಲ ಸೇರಿಸಿ ನೀವೇ "ಡಿಪ್ರೆಶನ್" ಎಂದು ಬರೆದುಬಿಟ್ಟರೆ ವೈದ್ಯರು ಮಾಡಬೇಕಾದ ಕೆಲಸವನ್ನು ನೀವು ಮಾಡಿದಂತಾಗುತ್ತದೆ. ಪ್ರತಿ ಮಾತಿನ ಪಕ್ಕದಲ್ಲಿ ಅದು ಯಾವಾಗ ಶುರುವಾಯಿತು, ದಿನವೂ ಇರುತ್ತದೆಯೇ, ಎರಡು ವಾರಕ್ಕಿಂತ ಹೆಚ್ಚು ಕಾಲದಿಂದ ಇದೆಯೇ ಎಂದು ಗುರುತು ಹಾಕಿಕೊಳ್ಳಿ. ನಂತರ ಹಿಂದೆ ಅವರು ಹೇಗಿದ್ದರು ಎಂಬುದನ್ನು ಬರೆಯಿರಿ. ಐದಕ್ಕೆ ಎದ್ದು ಸ್ನಾನ ಮಾಡಿ ದೀಪ ಹಚ್ಚುತ್ತಿದ್ದವರು ಈಗ ಹತ್ತರವರೆಗೆ ಹಾಸಿಗೆಯಲ್ಲೇ ಇರುತ್ತಾರೆಯೇ? ಊರಿನ ಫೋನ್ ಬಂದರೆ ಅರ್ಧ ಗಂಟೆ ಬಿಡದೆ ಮಾತಾಡುತ್ತಿದ್ದವರು "ಆಮೇಲೆ ಮಾಡು" ಎನ್ನುತ್ತಾರೆಯೇ? ಅವರನ್ನು ಸೊಸೈಟಿಯ ತೋಟದಲ್ಲಿ ನಗೆಕೂಟ ನಡೆಸುವ ಪಕ್ಕದ ಮನೆಯ ಹೆಂಗಸಿನ ಜೊತೆಗಲ್ಲ, ಹಿಂದೆ ಇದ್ದ ಅವರ ಜೊತೆಗೇ ಹೋಲಿಸಬೇಕು.

ಎರಡನೆಯ ಕೆಲಸ ಹೆಚ್ಚು ಕಷ್ಟದ್ದು: ಯಾವುದು ನಮ್ಮಲ್ಲಿ ರೂಢಿ, ಯಾವುದು ಅಲ್ಲ ಎಂದು ವಿಂಗಡಿಸುವುದು. ಗಂಡ ತೀರಿಕೊಂಡ ಶೋಕವನ್ನೇ ತೆಗೆದುಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿ ಐಸಿಡಿ-11 ಕನಿಷ್ಠ 6 ತಿಂಗಳು ಮೀರಿದ ತೀವ್ರ ಶೋಕವನ್ನು ದೀರ್ಘಶೋಕ ಎಂಬ ಕಾಯಿಲೆಯಾಗಿ ಗುರುತಿಸುತ್ತದೆ. 2022ರ ಪರಿಷ್ಕೃತ ಡಿಎಸ್‌ಎಂನಲ್ಲಿ ವಯಸ್ಕರಿಗೆ ಆ ಅವಧಿ 12 ತಿಂಗಳು. ಒಂದೇ ದುಃಖಕ್ಕೆ ಎರಡು ಗಡಿ ಇರುವುದೇ ಈ ಗೆರೆಗಳನ್ನು ಎಳೆದವರು ಮನುಷ್ಯರು ಎಂಬುದಕ್ಕೆ ಸಾಕ್ಷಿ. ಆದರೆ ಆ ಶೋಕವು ವ್ಯಕ್ತಿಯ ಸಮಾಜ ಮತ್ತು ಧರ್ಮದ ರೂಢಿಯನ್ನು ಮೀರಿರಬೇಕು ಎಂದು ಎರಡೂ ಹೇಳುತ್ತವೆ, ಮತ್ತು ಆ ರೂಢಿ ವೈದ್ಯರಿಗೆ ತಾನಾಗಿ ತಿಳಿಯುವಂಥದಲ್ಲ. ವರ್ಷಾಂತಿಕ ಮುಗಿಯುವವರೆಗೆ ನಮ್ಮಲ್ಲಿ ಹಬ್ಬ ಮಾಡುವುದಿಲ್ಲ, ಮದುವೆಗೆ ಹೋಗುವುದಿಲ್ಲ ಎಂದಿದ್ದರೆ ಅದನ್ನು ಹೇಳಿ. ಇಲ್ಲದಿದ್ದರೆ ಸೊಸೈಟಿಯ ಗಣಪತಿಗೂ ಇಳಿದು ಬಾರದಿದ್ದುದು ರೋಗಲಕ್ಷಣದ ಲೆಕ್ಕಕ್ಕೆ ಸೇರೀತು. ಗಂಡನ ದನಿ ಕೇಳಿಸಿತು ಎಂದರೆ ಗಾಬರಿಯಾಗಬೇಡಿ: 1971ರಲ್ಲಿ ವೇಲ್ಸ್‌ನ ವೈದ್ಯ ಡೀವಿ ರೀಸ್ ಸಂಗಾತಿಯನ್ನು ಕಳೆದುಕೊಂಡವರನ್ನು ಕೇಳಿದಾಗ ಸುಮಾರು ಅರ್ಧದಷ್ಟು ಜನ ಸಂಗಾತಿ ಹತ್ತಿರವೇ ಇದ್ದಂತೆ ಅನ್ನಿಸುವುದು, ಕಾಣಿಸುವುದು, ದನಿ ಕೇಳಿಸುವುದು ಮುಂತಾದ ಯಾವುದಾದರೊಂದು ಅನುಭವವನ್ನು ಹೇಳಿಕೊಂಡಿದ್ದರು. ಆದರೆ ಮೈಮೇಲೆ ನೀರು ಹಾಕಿಕೊಳ್ಳದಿರುವುದು, ತುತ್ತು ಎತ್ತದಿರುವುದು, "ನನ್ನಿಂದಲೇ ಅವರು ಹೋದರು" ಎಂದು ದಿನವಿಡೀ ಹೇಳುವುದು ಯಾವ ಸೂತಕದ ನಿಯಮವೂ ಅಲ್ಲ.

ಮೈಮೇಲೆ ಬರುವುದರ ವಿಷಯದಲ್ಲೂ ಹೀಗೆಯೇ. ಕರಾವಳಿಯ ನೇಮದಲ್ಲಿ ಪಾತ್ರಿಗೆ ದರ್ಶನ ಬರುವುದು ಸಮುದಾಯ ಒಪ್ಪಿದ ಆಚರಣೆ. ಅದಕ್ಕೆ ಸಮಯವಿದೆ, ಕ್ರಮವಿದೆ, ಮುಗಿಯುವ ಗಳಿಗೆಯಿದೆ. ಐಸಿಡಿ-11 ಅಂಥದ್ದನ್ನು ಕಾಯಿಲೆಯ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಅದೇ ಅನುಭವ ಡೊಂಬಿವಲಿಯ ಫ್ಲಾಟಿನಲ್ಲಿ ನಡುರಾತ್ರಿ, ತನಗೆ ಬೇಡವಾದಾಗ ಬಂದು, ಬದುಕನ್ನೇ ಕೆಡಿಸುತ್ತಿದ್ದರೆ ವೈದ್ಯರಿಗೆ ಹೇಳಲೇಬೇಕು. ರೂಢಿಯನ್ನು ರೋಗವೆನ್ನುವ ತಪ್ಪಿಗಿಂತ ರೋಗವನ್ನು ರೂಢಿ ಎಂದು ಮುಚ್ಚಿಡುವ ತಪ್ಪು ನಮ್ಮವರಲ್ಲಿ ಹೆಚ್ಚು ಎಂದು ನನ್ನ ಅನಿಸಿಕೆ. "ನಮ್ಮಲ್ಲಿ ಇದು ಇದ್ದದ್ದೇ" ಎಂದು ಮನೆಯ ಹಿರಿಯರು ಹೇಳಿದರೆ, ಮನೆಯ ಮರ್ಯಾದೆಯ ಹಂಗಿಲ್ಲದ ಊರಿನ ಇನ್ನಿಬ್ಬರನ್ನಾದರೂ ವಿಚಾರಿಸಿ. ಜೋಯಿಸರ ಬಳಿ ಹೋಗಿದ್ದನ್ನು, ಕುಡಿಸಿದ ಕಷಾಯವನ್ನು ಮುಚ್ಚಿಡಬೇಡಿ. ಕೆಲವು ಔಷಧಗಳು ಒಂದಕ್ಕೊಂದು ಹೊಂದುವುದಿಲ್ಲ.

ಭಾಷಾಂತರಕ್ಕೆ ಕೂರುವವರು ಆ ಮನೆಯ ಜಗಳದಲ್ಲಿ ಪಾಲಿಲ್ಲದವರಾಗಿರಬೇಕು, ಮಕ್ಕಳನ್ನಂತೂ ಕೂರಿಸಬಾರದು. ಸೊಸೆಯ ಮೇಲಿನ ದೂರನ್ನು ಸೊಸೆಯ ಬಾಯಿಂದಲೇ ವೈದ್ಯರಿಗೆ ಹೇಳಿಸಲು ಯಾವ ಅತ್ತೆಗೂ ಸಾಧ್ಯವಿಲ್ಲ. ಕನ್ನಡ ಬಲ್ಲ ನರ್ಸ್ ಇದ್ದಾರೆಯೇ ಎಂದು ಕೇಳಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೂ ಮಾತಾಡಬಹುದು. ಪ್ರಶ್ನಾವಳಿ ಕೊಟ್ಟರೆ ಅವರ ಪರವಾಗಿ ನೀವು ತುಂಬಬೇಡಿ, ಓದಿ ಹೇಳಿ. ಖಿನ್ನತೆಗೆ ಸಾಮಾನ್ಯವಾಗಿ ಬಳಸುವ ಪ್ರಶ್ನಾವಳಿ ಪಿಎಚ್‌ಕ್ಯು-9ರಲ್ಲಿ 27ಕ್ಕೆ 10 ಅಥವಾ ಹೆಚ್ಚು ಅಂಕ ಬಂದರೆ ಮುಂದೆ ಪರಿಶೀಲಿಸಬೇಕು ಎಂದಷ್ಟೇ ಅರ್ಥ, ಅದೇ ರೋಗನಿರ್ಣಯವಲ್ಲ. ಒಂದು ಸಮಾಜದಲ್ಲಿ ರೂಪುಗೊಂಡ ರೋಗದ ವರ್ಗವನ್ನು ಇನ್ನೊಂದು ಸಮಾಜದ ಮೇಲೆ ಹೊರಿಸಿ, ಅಲ್ಲೂ ಅದು ಸಿಕ್ಕಿತು ಎನ್ನುವುದು ತಪ್ಪೆಂದು ಮನೋವೈದ್ಯ ಆರ್ಥರ್ ಕ್ಲೈನ್‌ಮನ್ 1977ರಲ್ಲೇ ಎಚ್ಚರಿಸಿದ್ದರು.

ಮದುವೆಗೆ ಒಪ್ಪದ, ಬೇರೆ ಜಾತಿಯವರನ್ನು ಮೆಚ್ಚಿದ, ಸಲಿಂಗಿ ಎಂದು ಹೇಳಿಕೊಂಡ ಮಕ್ಕಳನ್ನು "ತಲೆ ಸರಿಯಿಲ್ಲ" ಎಂದು ಕರೆತರುವವರಿಗೆ ಮಾತ್ರ ಈ ಸಿದ್ಧತೆ ಬೇಡ, ಕಾನೂನು ತಿಳಿದರೆ ಸಾಕು. ಸಮುದಾಯದ ನೈತಿಕ, ಸಾಂಸ್ಕೃತಿಕ ಅಥವಾ ಧಾರ್ಮಿಕ ನಂಬಿಕೆಗೆ ಹೊಂದದಿರುವುದು ಮಾನಸಿಕ ಕಾಯಿಲೆಗೆ ಆಧಾರವಾಗದು ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 3ನೇ ಕಲಂ ಹೇಳುತ್ತದೆ. ಸಲಿಂಗಕಾಮವನ್ನು ಅಮೆರಿಕದ ಮನೋವೈದ್ಯರ ಸಂಘ 1973ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲಿ ರೋಗಗಳ ಪಟ್ಟಿಯಿಂದ ತೆಗೆದುಹಾಕಿವೆ.

ವೈದ್ಯರು ಹೆಸರು ಹೇಳಿದ ಮೇಲೆ, ಯಾವ ಲಕ್ಷಣಗಳಿಂದ ಈ ತೀರ್ಮಾನಕ್ಕೆ ಬಂದಿರಿ, ಬೇರೆ ಯಾವುದನ್ನು ತಳ್ಳಿಹಾಕಿದಿರಿ, ಮುಂದಿನ ಭೇಟಿಯೊಳಗೆ ಏನು ಬದಲಾಗಬೇಕು ಎಂದು ವಿನಯದಿಂದಲೇ ಕೇಳಿ. ಉತ್ತರವನ್ನು ಅದೇ ಹಾಳೆಯಲ್ಲಿ ಬರೆದುಕೊಳ್ಳಿ. ಮುಂದಿನ ಸಲ ಹೋಗುವಾಗ ಹಾಳೆಯನ್ನು ಜೊತೆಗೆ ಒಯ್ದು, ಕಡಿಮೆಯಾದ ಲಕ್ಷಣಗಳಿಗೆ ಗೆರೆ ಹಾಕಿ, ಹೊಸದಾಗಿ ಬಂದವನ್ನು ಕೆಳಗೆ ತಾರೀಖಿನೊಂದಿಗೆ ಸೇರಿಸಿ ತೋರಿಸಿ. ಹೆಸರು ಬದಲಾಗಬೇಕಿದ್ದರೆ ವೈದ್ಯರು ಅದನ್ನು ಬದಲಿಸುವುದು ಸಾಮಾನ್ಯವಾಗಿ ಇಂಥ ಎರಡನೆಯ, ಮೂರನೆಯ ಭೇಟಿಯಲ್ಲಿ.